ಥಾಯ್ಲೆಂಡಿನ ಹಳ್ಳಿ ಕಡೆ ಮೂರು ದಿನ: ಬುರಿರಾಮ್‌ಗೆ ಹೋಗಿ

ಪ್ರಶ್ನೆ: ಜನವರಿಯಲ್ಲಿ ಮನೆಯವರು ಐದು ಜನ ಥಾಯ್ಲೆಂಡಿಗೆ ಹೊರಟಿದ್ದೇವೆ. ಬ್ಯಾಂಕಾಕ್, ಪಟ್ಟಾಯ ಹಿಂದೊಮ್ಮೆ ನೋಡಿದ್ದಾಗಿದೆ. ಈ ಸಲ ಮೂರು ದಿನ ಯಾವುದಾದರೂ ಹಳ್ಳಿಗಾಡಿನ ಪ್ರಾಂತ್ಯಕ್ಕೆ ಹೋಗುವ ಆಸೆ. ಮಗಳಿಗೆ ಬೆಟ್ಟ, ಹಕ್ಕಿ ಬೇಕು. ಅಪ್ಪನಿಗೆ ಹಳೇ ದೇವಸ್ಥಾನ ಬೇಕು, ಆದರೆ ಮಂಡಿ ನೋವು. ಅಮ್ಮ ಅಪ್ಪಟ ಸಸ್ಯಾಹಾರಿ, ಅಲ್ಲಿ ಪೂಜೆ ಮಾಡಿಸಬಹುದಾ ಅಂತ ಕೇಳುತ್ತಿದ್ದಾರೆ. ಪ್ರಕೃತಿ, ಇತಿಹಾಸ ಎರಡೂ ಇರುವ ಒಂದು ಜಾಗ ಹೇಳಿ.

ಉತ್ತರ: ಬುರಿರಾಮ್‌ಗೆ ಹೋಗಿ. ಬ್ಯಾಂಕಾಕಿನಿಂದ ಈಶಾನ್ಯಕ್ಕೆ, ರೈಲಿನಲ್ಲಿ 376 ಕಿಲೋಮೀಟರ್. ಥಾಯ್‌ಗಳು ಈಸಾನ್ ಅನ್ನುವ ಬಯಲುಸೀಮೆ ಇದು. ಹೆಸರೇ ನೋಡಿ: ಬುರಿ ಅಂದರೆ ಪುರಿ, ರಾಮ್ ಅಂದರೆ ರಮ್ಯ. ನಮ್ಮ ಶ್ರೀರಾಮನಿಗೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನಾನು ಕರೆದುಕೊಂಡು ಹೋದ ಪ್ರತಿ ಗುಂಪಿನಲ್ಲೂ ಒಬ್ಬರಾದರೂ ರಾಮನ ಹೆಸರಿನ ಊರು ಅಂತ ವಾದ ಮಾಡಿದ್ದಾರೆ.

ಪ್ರಕೃತಿ ಮತ್ತು ಇತಿಹಾಸ ಎರಡೂ ಬೇಕು ಅಂದಿದ್ದೀರಿ. ಬುರಿರಾಮ್‌ನಲ್ಲಿ ಅವೆರಡನ್ನೂ ಬೇರೆ ಬೇರೆ ನೋಡುವುದಕ್ಕೇ ಆಗಲ್ಲ. ಅದಕ್ಕೇ ಈ ಪ್ರಾಂತ್ಯ ನನಗೆ ಇಷ್ಟ. ಇಡೀ ಸೀಮೆ ಚಪ್ಪಟೆ ಬಯಲು, ಭತ್ತದ ಗದ್ದೆ. ನಡುನಡುವೆ ಅಲ್ಲೊಂದು ಇಲ್ಲೊಂದು ಒಂಟಿ ಗುಡ್ಡ. ಅವೆಲ್ಲ ಆರಿಹೋದ ಜ್ವಾಲಾಮುಖಿಗಳು. ಲಕ್ಷಾಂತರ ವರ್ಷದ ಹಿಂದೆ ಬೆಂಕಿ ಉಗುಳಿ ತಣ್ಣಗಾದವು. ಬಯಲಿನಲ್ಲಿ ಬೆಟ್ಟ ಕಂಡರೆ ಮನುಷ್ಯ ಏನು ಮಾಡುತ್ತಾನೆ? ಗುಡಿ ಕಟ್ಟುತ್ತಾನೆ. ಮಳೆ ನೆಚ್ಚಿಕೊಳ್ಳಲಾಗದ ಊರಲ್ಲಿ ಏನು ಮಾಡುತ್ತಾನೆ? ಕೆರೆ ತೋಡುತ್ತಾನೆ. ನೀವು ನೋಡಲಿರುವುದೆಲ್ಲ ಈ ಎರಡು ಕೆಲಸಗಳೇ.

ಮೊದಲು ಫನೋಮ್ ರುಂಗ್. ಮೂರು ದಿನದಲ್ಲಿ ಒಂದೇ ಜಾಗ ನೋಡಲು ಸಾಧ್ಯ ಅಂತಾದರೂ ಇದನ್ನೇ ನೋಡಿ. ಕಾಂಬೋಡಿಯದ ಹಳೇ ಖಮೇರ್ ಮಾತಿನಲ್ಲಿ ಆ ಹೆಸರಿಗೆ ವಿಶಾಲವಾದ ಬೆಟ್ಟ ಅಂತ ಅರ್ಥ. ಬುರಿರಾಮ್ ಪಟ್ಟಣದಿಂದ ದಕ್ಷಿಣಕ್ಕೆ ಒಂದು ಗಂಟೆ ಚಿಲ್ಲರೆ ದಾರಿ. ಆರಿದ ಜ್ವಾಲಾಮುಖಿಯ ನೆತ್ತಿಯ ಮೇಲೆ ಒಂದು ಶಿವಾಲಯ. ಆಗ ಈ ನೆಲವೆಲ್ಲ ಈಗಿನ ಕಾಂಬೋಡಿಯದಲ್ಲಿರುವ ಅಂಕೋರ್‌ನ ಖಮೇರ್ ರಾಜರ ಕೈಯಲ್ಲಿತ್ತು. ಹತ್ತನೇ ಶತಮಾನದಿಂದ ಹದಿಮೂರನೆಯದರ ತನಕ ಬಿಟ್ಟು ಬಿಟ್ಟು ಕಟ್ಟಿದ್ದಾರೆ. ನಡುವಿನ ದೊಡ್ಡ ಗೋಪುರ ಹನ್ನೆರಡನೇ ಶತಮಾನದ್ದು. ಕಟ್ಟಿಸಿದವನು ನರೇಂದ್ರಾದಿತ್ಯ, ಅಂಕೋರ್ ವಾಟ್ ಕಟ್ಟಿಸಿದ ಎರಡನೇ ಸೂರ್ಯವರ್ಮನ ಸಂಬಂಧಿಕ. ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ನಮ್ಮ ಬೇಲೂರಿನ ಚೆನ್ನಕೇಶವ 1117ರದ್ದು. ಅಂದರೆ ಇಲ್ಲಿ ವಿಷ್ಣುವರ್ಧನನ ಶಿಲ್ಪಿಗಳು ಬಳಪದ ಕಲ್ಲು ಕೆತ್ತುತ್ತಿದ್ದ ಕಾಲಕ್ಕೇ ಅಲ್ಲಿಯವರು ನಸುಗೆಂಪು ಮರಳುಗಲ್ಲು ಕೆತ್ತುತ್ತಿದ್ದರು.

ನರೇಂದ್ರಾದಿತ್ಯ ಯುದ್ಧ ಮಾಡಿ ಗೆದ್ದು, ಆಮೇಲೆ ಎಲ್ಲ ಬಿಟ್ಟು ತಪಸ್ವಿಯಾದ. ಈ ಕಥೆಯನ್ನು ಅವನ ಮಗ ಹಿರಣ್ಯ ಸಂಸ್ಕೃತದಲ್ಲಿ ಶಾಸನ ಬರೆಸಿ ಉಳಿಸಿದ್ದಾನೆ. ಇಲ್ಲಿದ್ದವರು ಪಾಶುಪತ ಶೈವರು. ನಿಮ್ಮ ಅಪ್ಪ ಬಳ್ಳಿಗಾವಿ ನೋಡಿದ್ದರೆ ಕೋಡಿಮಠದ ಕಾಳಾಮುಖ ಯತಿಗಳ ಬಗ್ಗೆ ಕೇಳಿರುತ್ತಾರೆ. ಪಾಶುಪತರ ಹಾಗೆ ಅವರೂ ಲಕುಲೀಶ ಗುರುವಿನ ಪರಂಪರೆಯವರೇ. ಜಟೆ ಕಟ್ಟಿ ಕೂತ ಯೋಗಿಗಳನ್ನು ಫನೋಮ್ ರುಂಗ್‌ನ ಕಂಬದ ಬುಡದಲ್ಲಿ ಕಂಡಾಗ ಅವರಿಗೆ ಪರಿಚಯದವರು ಸಿಕ್ಕ ಹಾಗೆ ಆಗಬಹುದು.

ಹತ್ತುವ ಕ್ರಮ ಮುಖ್ಯ. ಪೂರ್ವದ ಕೆಳಬಾಗಿಲಿನಿಂದ ಹೊರಟರೆ ಕಟ್ಟಿಸಿದವರು ಅಂದುಕೊಂಡ ಹಾಗೇ ನೋಡಬಹುದು. ಮೊದಲು ಮೆಟ್ಟಿಲು. ಆಮೇಲೆ 160 ಮೀಟರ್ ಉದ್ದದ ನೇರ ಹಾದಿ, ಎರಡೂ ಕಡೆ ಕಮಲದ ಮೊಗ್ಗಿನ ತಲೆಯಿರುವ ಗಿಡ್ಡ ಕಂಬಗಳ ಸಾಲು. ಅದರ ಕೊನೆಗೆ ನಾಗಸೇತುವೆ. ನೀರಿಲ್ಲದ ಸೇತುವೆ ಯಾಕಪ್ಪಾ ಅನಿಸುತ್ತದೆ ಅಲ್ವಾ? ಮನುಷ್ಯರ ಲೋಕದಿಂದ ದೇವರ ಲೋಕಕ್ಕೆ ದಾಟುವ ಜಾಗ ಅದು. ಐದು ಹೆಡೆಯ ನಾಗಗಳೇ ಅದರ ಕಟಕಟೆ. ನಡುವೆ ನೆಲದಲ್ಲಿ ಎಂಟು ದಳದ ಕಮಲ ಕೆತ್ತಿದ್ದಾರೆ. ಜನ ಸೆಲ್ಫಿ ತೆಗೆಯುತ್ತಾ ಅದರ ಮೇಲೇ ನಿಂತಿರುತ್ತಾರೆ, ಸ್ವಲ್ಪ ಕಾದು ನೋಡಿ. ಅಲ್ಲಿಂದ ಐದು ಹಂತದ ಮೆಟ್ಟಿಲು, ತಲೆ ಎತ್ತಿದರೆ ಗೋಪುರದ ತುದಿ ಮಾತ್ರ ಕಾಣುತ್ತದೆ. ಹತ್ತಿದ ಹಾಗೆ ಗುಡಿ ನಿಧಾನಕ್ಕೆ ಎದ್ದು ಬರುತ್ತದೆ.

ಅಪ್ಪನ ಮಂಡಿಗೆ ಬೇರೆ ದಾರಿ ಇದೆ. ಮೇಲೆ ಗುಡಿಯ ಮಗ್ಗುಲಲ್ಲೇ ಇನ್ನೊಂದು ಬಾಗಿಲು, ಅಲ್ಲಿ ಪಾರ್ಕಿಂಗ್ ಉಂಟು. ಕಾರು ಅಲ್ಲಿಗೇ ಹೋಗುತ್ತದೆ. ನನ್ನ ಸಲಹೆ: ನೀವು ನಾಲ್ಕು ಜನ ಕೆಳಗಿನಿಂದ ಹತ್ತಿ. ಡ್ರೈವರ್ ಅಪ್ಪನನ್ನು ಮೇಲೆ ಬಿಡಲಿ. ನಾಗಸೇತುವೆಯನ್ನು ಅವರು ಮೇಲಿನಿಂದ ನೋಡಲಿ, ಸಾಕು.

ಪೂರ್ವದ ಬಾಗಿಲಿನ ಮುಂದೆ ನಿಂತು ಮೇಲೆ ನೋಡಿ. ನೆತ್ತಿಯ ಮೇಲೆ ತಾಂಡವ ಆಡುತ್ತಿರುವ ಹತ್ತು ಕೈಯ ಶಿವ. ಅದರ ಕೆಳಗೆ ಬಾಗಿಲಿಗೆ ಅಡ್ಡ ಇಟ್ಟ ಕಲ್ಲುತೊಲೆ, ಅದರಲ್ಲಿ ಅನಂತಶಯನ. ವಿಷ್ಣು ಮಲಗಿದ್ದಾನೆ, ಹೊಕ್ಕುಳಿನಿಂದ ಕಮಲ, ಕಮಲದಲ್ಲಿ ಬ್ರಹ್ಮ. ಶಿವಾಲಯದ ಬಾಗಿಲಲ್ಲೇ ವಿಷ್ಣು ಅಂತ ಅಮ್ಮ ಕೇಳಿದರೆ ಖಮೇರರು ಈ ಜಗಳ ಆಡಲಿಲ್ಲ ಅಂತ ಹೇಳಿ. ಶೇಷ ಇಲ್ಲಿ ಹಾವಿನ ಹಾಗಿಲ್ಲ, ಕಾಲು ಮೂತಿ ಬಂದು ಡ್ರ್ಯಾಗನ್ ಹಾಗಾಗಿದ್ದಾನೆ. ಕಣ್ಣನ್ನು ಇನ್ನೂ ಸ್ವಲ್ಪ ಕೆಳಗಿಳಿಸಿ. ಗಿಳಿಗಳು ಕಾಣುತ್ತವೆ. ಕೊಕ್ಕು ಬಾಗಿಸಿ, ರೆಕ್ಕೆ ಮಡಚಿ ಕೂತಿವೆ. ಒಂದು ಕಡೆ ಮರಿಯನ್ನು ಅವಚಿಕೊಂಡ ಕೋತಿಯೂ ಇದೆ. ಸೃಷ್ಟಿಯ ಅಷ್ಟು ದೊಡ್ಡ ಘಟನೆ ಮೇಲೆ ನಡೆಯುತ್ತಿದೆ, ಇವು ಮಾತ್ರ ತಮ್ಮ ಪಾಡಿಗೆ ತಾವು. ಆ ಗಿಳಿಗಳನ್ನು ನೋಡಲಿಕ್ಕೆ ನಾನು ಬೈನಾಕ್ಯುಲರ್ ಒಯ್ಯುತ್ತೇನೆ. ಮಗಳ ಹಕ್ಕಿ ನೋಡುವ ಬೈನಾಕ್ಯುಲರ್ ಇಲ್ಲೇ ಕೆಲಸಕ್ಕೆ ಬರಲಿ.

ಈ ಕಲ್ಲು 1960ರ ದಶಕದಲ್ಲಿ ಕಳುವಾಗಿತ್ತು. ಒಂದು ತುಂಡು ಬ್ಯಾಂಕಾಕಿನ ಹಳೇ ವಸ್ತುಗಳ ಅಂಗಡಿಯಲ್ಲಿ ಸಿಕ್ಕಿತು. ದೊಡ್ಡ ಭಾಗ ಅಮೆರಿಕದ ಶಿಕಾಗೊ ಕಲಾಸಂಗ್ರಹಾಲಯದಲ್ಲಿತ್ತು. ಥಾಯ್ ಇತಿಹಾಸಜ್ಞ ರಾಜಕುಮಾರ ಸುಭದ್ರದಿಶ್ ದಿಸ್ಕುಲ್ ಅಲ್ಲಿ ಅದನ್ನು ಕಂಡು ಗುರುತು ಹಿಡಿದರು. ಇತ್ತ ಗುಡಿಯ ಜೀರ್ಣೋದ್ಧಾರ 1971ರಲ್ಲಿ ಶುರುವಾಗಿ ನಡೆಯುತ್ತಲೇ ಇತ್ತು. ಬಿದ್ದ ಒಂದೊಂದು ಕಲ್ಲಿಗೂ ನಂಬರ್ ಹಾಕಿ, ಬಿಚ್ಚಿ, ಮತ್ತೆ ಜೋಡಿಸುವ ಕೆಲಸ. 1988ರ ಮೇ ತಿಂಗಳಲ್ಲಿ ಉದ್ಘಾಟನೆ ಆದಾಗ ಈ ಬಾಗಿಲ ಮೇಲೆ ಮಾತ್ರ ತೊಲೆ ಇರಲಿಲ್ಲ. ಇಡೀ ದೇಶ ಗಲಾಟೆ ಎಬ್ಬಿಸಿತು. ಅದೇ ವರ್ಷದ ಕೊನೆಗೆ ಕಲ್ಲು ವಾಪಸ್ ಬಂತು, ಅದರ ಜಾಗದಲ್ಲೇ ಕೂತಿತು.

ಇಂಥದ್ದು ಇದೊಂದೇ ಅಲ್ಲ. ಇದೇ ಪ್ರಾಂತ್ಯದ ನೋಂಗ್ ಹೋಂಗ್ ಗುಡಿಯ ತೊಲೆ 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬಂತು. ‘ಗೋಲ್ಡನ್ ಬಾಯ್’ ಅನ್ನುವ ಚಿನ್ನದ ಲೇಪದ ಕಂಚಿನ ವಿಗ್ರಹ 2024ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಸಂಗ್ರಹಾಲಯದಿಂದ ಬಂತು. ಅದು ಸಿಕ್ಕಿದ್ದು ಬುರಿರಾಮ್‌ನ ಲಹಾನ್ ಸಾಯ್ ಕಡೆಯ ಹಳ್ಳಿಯಲ್ಲಿ ಅನ್ನುತ್ತಾರೆ. ಈಗ ಬ್ಯಾಂಕಾಕಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಬ್ಯಾಂಕಾಕಿನಲ್ಲಿ ಅರ್ಧ ದಿನ ಸಿಕ್ಕರೆ ಅದನ್ನು ನೋಡಿ, ಶಾಪಿಂಗ್ ಮಾಲ್ ಎಲ್ಲಿಗೂ ಓಡಿಹೋಗಲ್ಲ.

ಒಳಗೆ ನಂದಿ ಇದ್ದಾನೆ, ಲಿಂಗ ಇದೆ. ಅಭಿಷೇಕದ ನೀರು ಹೊರಗೆ ಹರಿಯುವ ಕಲ್ಲಿನ ಕಾಲುವೆಗೆ ಅವರೂ ಸೋಮಸೂತ್ರ ಅಂತಲೇ ಕರೆಯುತ್ತಾರೆ. ಅಷ್ಟದಿಕ್ಪಾಲಕರೂ ಇದ್ದಾರೆ, ಆದರೆ ವಾಹನಗಳಲ್ಲಿ ಒಂದಿಷ್ಟು ಅದಲುಬದಲು. ನಮ್ಮ ವರುಣನಿಗೆ ಮೊಸಳೆ, ಖಮೇರರ ವರುಣ ಹಂಸ ಏರುತ್ತಾನೆ. ಪಶ್ಚಿಮದ ಕಡೆ ರಾಮಾಯಣ. ರಾಮಲಕ್ಷ್ಮಣರನ್ನು ನಾಗಪಾಶ ಕಟ್ಟಿಹಾಕಿದ ಕಥೆ ಹುಡುಕಿ, ಸಿಗುತ್ತದೆ.

ನೀವು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಕಾಣುವುದು ಹದಿನೈದು ಬಾಗಿಲುಗಳ ಸೂರ್ಯನ ಫೋಟೊ. ಪೂರ್ವದಿಂದ ಪಶ್ಚಿಮಕ್ಕೆ ಗುಡಿಯ 15 ಬಾಗಿಲುಗಳು ಒಂದೇ ಗೆರೆಯಲ್ಲಿವೆ. ಏಪ್ರಿಲ್ 3ರಿಂದ 5 ಮತ್ತು ಸೆಪ್ಟೆಂಬರ್ 8ರಿಂದ 10ರ ಸುಮಾರಿಗೆ ಹುಟ್ಟುವ ಸೂರ್ಯ ಎಲ್ಲ ಬಾಗಿಲುಗಳ ಮೂಲಕ ಕಾಣುತ್ತಾನೆ. ಮಾರ್ಚ್ ಮತ್ತು ಅಕ್ಟೋಬರಿನ ಮೊದಲ ವಾರಗಳಲ್ಲಿ ಮುಳುಗುವ ಸೂರ್ಯ ಹೀಗೆ ಕಾಣುತ್ತಾನೆ. ಹಗಲು ರಾತ್ರಿ ಸಮ ಇರುವ ಮಾರ್ಚ್ 21ಕ್ಕೇ ಯಾಕಲ್ಲ? ಗುಡಿ ನೇರ ಪೂರ್ವಕ್ಕೆ ಮುಖ ಮಾಡಿಲ್ಲ, ಸುಮಾರು ಐದೂವರೆ ಡಿಗ್ರಿ ಉತ್ತರಕ್ಕೆ ವಾಲಿದೆ. ಸೂರ್ಯ ಅಷ್ಟು ಉತ್ತರಕ್ಕೆ ಸರಿಯಲು ಎರಡು ವಾರ ಬೇಕು. ಬೆಂಗಳೂರಿನ ಗವಿ ಗಂಗಾಧರೇಶ್ವರನಲ್ಲಿ ಸಂಕ್ರಾಂತಿಯ ದಿನ ಬಿಸಿಲು ಲಿಂಗ ಮುಟ್ಟುತ್ತದಲ್ಲ, ಅದೇ ಜಾತಿಯ ಲೆಕ್ಕ. ನಿಮಗೆ ಜನವರಿಯಲ್ಲಿ ಇದು ಸಿಗಲ್ಲ. ಬೇಜಾರು ಬೇಡ. ನಾನು ಒಮ್ಮೆ ಸೆಪ್ಟೆಂಬರಿನಲ್ಲಿ ಇದಕ್ಕಂತಲೇ ಹೋದೆ. ಕತ್ತಲಲ್ಲೇ ಎದ್ದು, ಮೆಟ್ಟಿಲ ಮೇಲೆ ಜನರ ಮಧ್ಯೆ ಒಂದೂವರೆ ಗಂಟೆ ಕಾದೆ. ಮೋಡ. ಸೂರ್ಯ ಕಂಡದ್ದು ಎಂಟೂವರೆಗೆ, ಅದೂ ಸಾಕಷ್ಟು ಮೇಲೇರಿದ ಮೇಲೆ. ಮುಂದೆ ಕೂತ ಅಜ್ಜಿ ಅಷ್ಟರಲ್ಲಿ ಬಾಳೆಎಲೆ ಬಿಚ್ಚಿ ಅಂಟಕ್ಕಿ ಅನ್ನ ತಿಂದು ಮುಗಿಸಿದ್ದರು, ನನಗೂ ಒಂದು ತುತ್ತು ಕೊಟ್ಟರು. ಆ ದಿನದ ಲಾಭ ಅಷ್ಟೇ.

ಜನವರಿಯಲ್ಲಿ ಮುಂಜಾನೆ ಸ್ವೆಟರ್ ಬೇಕಾಗುವಷ್ಟು ಚಳಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಹತ್ತು ಗಂಟೆ ತನಕ ಗುಡಿ ಹೆಚ್ಚುಕಡಿಮೆ ನಿಮ್ಮದೇ. ಆಮೇಲೆ ಟೂರ್ ಬಸ್ಸುಗಳು ಬರುತ್ತವೆ.

ಅಲ್ಲಿಂದ ಇಳಿದು ಮುವಾಂಗ್ ತಾಮ್‌ಗೆ ಹೋಗಿ, ಎಂಟು ಕಿಲೋಮೀಟರ್ ಅಷ್ಟೇ. ಹೆಸರಿಗೆ ‘ಕೆಳಗಿನ ಊರು’ ಅಂತ ಅರ್ಥ. ಫನೋಮ್ ರುಂಗ್‌ನ ದೊಡ್ಡ ಗೋಪುರಕ್ಕಿಂತ ಹಳೆಯದು, ಹೆಚ್ಚಿನ ಭಾಗ ಹನ್ನೊಂದನೇ ಶತಮಾನದ್ದು. ಬಹಳ ಜನ ಇದನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಊಟಕ್ಕೆ ಓಡುತ್ತಾರೆ. ತಪ್ಪು. ನನ್ನನ್ನು ಕೇಳಿದರೆ ಮನಸ್ಸಿಗೆ ಹಿತ ಕೊಡುವುದು ಇದೇ ಜಾಸ್ತಿ. ಮೇಲಿನ ಗುಡಿ ನಿಮ್ಮನ್ನು ಬೆರಗುಗೊಳಿಸುತ್ತದೆ, ಇದು ಸುಮ್ನೆ ಕೂರಿಸುತ್ತದೆ.

ಒಳಗೆ ನಾಲ್ಕು ಮೂಲೆಗೆ ನಾಲ್ಕು ಕೊಳ. ನಮ್ಮ ಕಲ್ಯಾಣಿಯ ಹಾಗೆ ಚೌಕ ಅಲ್ಲ, ಮೂಲೆಗೆ ಸರಿಯಾಗಿ ಮಡಚಿಕೊಂಡ ಆಕಾರ. ಮೆಟ್ಟಿಲಿಳಿದು ಹೋದ ಜಂಬಿಟ್ಟಿಗೆ ಕಲ್ಲಿನ ದಂಡೆ. ದಂಡೆಯ ಅಂಚಿನುದ್ದಕ್ಕೂ ನಾಗನ ಮೈ ಹರಿದು ಮೂಲೆಯಲ್ಲಿ ಹೆಡೆ ಎತ್ತಿದೆ. ಈ ಹೆಡೆಗಳನ್ನು ಫನೋಮ್ ರುಂಗ್‌ನವಕ್ಕೆ ಹೋಲಿಸಿ ನೋಡಿ. ಅಲ್ಲಿ ಕಿರೀಟ, ಕೆತ್ತನೆ, ಭರ್ಜರಿ. ಇಲ್ಲಿ ಬೋಳು ತಲೆ, ನುಣ್ಣಗಿನ ಮೈ, ನಿಜವಾದ ಹಾವಿನ ಹಾಗೇ. ನೂರು ವರ್ಷದಲ್ಲಿ ರುಚಿ ಎಷ್ಟು ಬದಲಾಯಿತು ಅಂತ ಈ ಹೆಡೆಗಳನ್ನು ನೋಡಿದರೇ ಗೊತ್ತಾಗುತ್ತದೆ. ನಡುವೆ ಇಟ್ಟಿಗೆಯ ಐದು ಗೋಪುರಗಳಿದ್ದವು, ದೊಡ್ಡದು ಬಿದ್ದು ಅಡಿಪಾಯ ಮಾತ್ರ ಉಳಿದಿದೆ. ಬಾಗಿಲ ತೊಲೆಗಳಲ್ಲಿ ಗೋವರ್ಧನ ಎತ್ತಿದ ಕೃಷ್ಣ, ಕಾಳಿಂಗನನ್ನು ಹಿಡಿದ ಕೃಷ್ಣ, ನಂದಿಯ ಮೇಲೆ ಉಮೆ ಮಹೇಶ್ವರ. ಅಮ್ಮ ಇಲ್ಲಿ ಗೈಡ್ ಆಗಬಹುದು. ಅಪ್ಪನಿಗೂ ಇಲ್ಲಿ ತೊಂದರೆ ಇಲ್ಲ, ನೆಲ ಸಮತಟ್ಟು. ಹೊಸ್ತಿಲುಗಳು ಮಾತ್ರ ಎತ್ತರ, ಕೈ ಹಿಡಿಯಿರಿ.

ಗುಡಿಯ ಉತ್ತರಕ್ಕೆ ರಸ್ತೆ ದಾಟಿದರೆ ದೊಡ್ಡ ಕೆರೆ. ಬರಾಯ್ ಅನ್ನುತ್ತಾರೆ. ಒಂದು ಕಿಲೋಮೀಟರಿಗೂ ಜಾಸ್ತಿ ಉದ್ದ, ಗೆರೆ ಎಳೆದ ಹಾಗೆ ಆಯತ. ಖಮೇರರ ಕಾಲದ್ದು, ಇವತ್ತಿಗೂ ನೀರಿದೆ, ಊರವರು ಬಲೆ ಹಾಕುತ್ತಾರೆ. ಮಗಳನ್ನು ಸಂಜೆ ಇಲ್ಲಿಗೆ ಕರೆದುಕೊಂಡು ಬನ್ನಿ, ನೀರುಹಕ್ಕಿಗಳು ಸಿಗುತ್ತವೆ. ಪಕ್ಕದ ಹಳ್ಳಿಯಲ್ಲಿ ಒಂದು ಸಣ್ಣ ಕಲ್ಲುಗುಡಿ ಇದೆ, ಕುಟಿ ರೂಸಿ ಅಂತ, ಅಂದರೆ ಋಷಿಯ ಕುಟೀರ. ಅದು ಋಷಿಯದ್ದಲ್ಲ, ಆಸ್ಪತ್ರೆಯ ಗುಡಿ. ಬೌದ್ಧನಾಗಿದ್ದ ಏಳನೇ ಜಯವರ್ಮ ರಾಜ್ಯದಲ್ಲಿ 102 ಆರೋಗ್ಯಶಾಲೆ ನಡೆಸುತ್ತಿದ್ದ ಅಂತ ಅಂಕೋರ್‌ನ ತಾ ಪ್ರೋಮ್ ಗುಡಿಯ ಶಾಸನ ಹೇಳುತ್ತದೆ. ಆಸ್ಪತ್ರೆ ಮರದ್ದು, ಕೊಳೆತುಹೋಯಿತು. ದೇವರಿಗೆ ಕಟ್ಟಿದ ಕಲ್ಲಿನ ಕೋಣೆ ಮಾತ್ರ ನಿಂತಿದೆ. ಹತ್ತು ನಿಮಿಷ ಸಾಕು.

ಈಗ ಮಗಳ ಪಾಲು. ಎರಡು ಜಾಗ ಹೇಳುತ್ತೇನೆ. ಒಂದು, ಬುರಿರಾಮ್ ಪಟ್ಟಣದ ಅಂಚಿನ ಖಾವ್ ಕ್ರದೋಂಗ್. 265 ಮೀಟರಿನ ಇನ್ನೊಂದು ಆರಿದ ಜ್ವಾಲಾಮುಖಿ. 297 ಮೆಟ್ಟಿಲು ಹತ್ತಬಹುದು, ಕಾರಿನಲ್ಲೂ ಹೋಗಬಹುದು. ಮೇಲೆ ಬಿಳಿ ಬಣ್ಣದ ದೊಡ್ಡ ಬುದ್ಧ. ಅವನಿಗಿಂತ ನೋಡಬೇಕಾದ್ದು ಜ್ವಾಲಾಮುಖಿಯ ಬಾಯಿ. ಈಗ ಅದು ಮರ ಬಳ್ಳಿ ತುಂಬಿದ ಹಸಿರು ಬಟ್ಟಲು. ದಾರಿಯಲ್ಲಿ ಬಿದ್ದ ಕಪ್ಪು ಕಲ್ಲು ಕೈಗೆತ್ತಿಕೊಂಡು ನೋಡಲಿ, ಗುಳ್ಳೆ ಒಡೆದ ತೂತುಗಳಿರುತ್ತವೆ. ಕಾದ ದ್ರವದಿಂದ ಗಾಳಿ ಹೊರಬಂದ ಗುರುತು. ನೋಡಿ ಅಲ್ಲೇ ಇಡಲಿ. ಇಲ್ಲಿಂದ ಕೆಳಗೆ ಬಯಲಲ್ಲಿ ಕಾಣುವ ದೊಡ್ಡ ಫುಟ್‌ಬಾಲ್ ಮೈದಾನ ಮತ್ತು ಮೋಟೊಜಿಪಿ ರೇಸ್ ಟ್ರ್ಯಾಕ್ ಈಗಿನ ಬುರಿರಾಮ್‌ನ ದೇವಸ್ಥಾನಗಳು. ರೇಸ್ ಇರುವ ವಾರದಲ್ಲಿ ಮಾತ್ರ ಹೋಗಬೇಡಿ, ಹೋಟೆಲ್ ಸಿಗಲ್ಲ.

ಇನ್ನೊಂದು, ಪಟ್ಟಣದ ದಕ್ಷಿಣಕ್ಕಿರುವ ಹುವಾಯ್ ಚೋರಖೇ ಮಾಕ್ ಜಲಾಶಯ. ಹೆಸರಿಗೆ ಮೊಸಳೆ ಜಾಸ್ತಿ ಇರುವ ಹಳ್ಳ ಅಂತ ಅರ್ಥ, ಆದರೆ ನೀವು ಹೋಗುವುದು ಸಾರಸ ಕೊಕ್ಕರೆಗೆ. ಕೆಂಪು ತಲೆ, ಬೂದು ಮೈ, ಮನುಷ್ಯನಷ್ಟು ಎತ್ತರ. ಹಾರುವ ಹಕ್ಕಿಗಳಲ್ಲೇ ಅತಿ ಎತ್ತರದ್ದು. ಥಾಯ್ಲೆಂಡಿನ ಕಾಡುಗದ್ದೆಗಳಿಂದ ಇದು ಪೂರ್ತಿ ಮಾಯವಾಗಿತ್ತು. ಮೃಗಾಲಯದಲ್ಲಿ ಮರಿ ಮಾಡಿಸಿ 2011ರಿಂದ ಬುರಿರಾಮ್‌ನ ಕೆರೆಗಳಲ್ಲಿ ಬಿಡುತ್ತಾ ಬಂದಿದ್ದಾರೆ. ಈಗ ಅವು ಭತ್ತದ ಗದ್ದೆಯಲ್ಲೇ ಗೂಡು ಕಟ್ಟಿ ಮರಿ ಮಾಡುತ್ತಿವೆ. ಗದ್ದೆಯಲ್ಲಿ ಗೂಡು ಕಟ್ಟಿದರೆ ರೈತ ಏನು ಮಾಡಬೇಕು? ಔಷಧಿ ಹೊಡೆಯದೆ ಬೆಳೆದ ಅಕ್ಕಿಯನ್ನು ಸಾರಸದ ಹೆಸರಲ್ಲೇ ಮಾರುತ್ತಿದ್ದಾರೆ. ಒಂದು ಕೆಜಿ ತನ್ನಿ, ಮಲ್ಲಿಗೆ ಅಕ್ಕಿ ಘಮ ಅಂತದೆ. ಹಕ್ಕಿ ನೋಡಲು ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರಿದರೆ ಕಾಣಲ್ಲ.

ಸಮಯ ಉಳಿದರೆ ಖಾವ್ ಅಂಗ್‌ಖಾನ್. ಅದೂ ಜ್ವಾಲಾಮುಖಿಯೇ. ಮೇಲಿನ ಬೌದ್ಧ ವಿಹಾರ ಹೊಸದು, ಬಣ್ಣ ಜಾಸ್ತಿ, ಎಲ್ಲರಿಗೂ ಹಿಡಿಸಲ್ಲ. ಆದರೆ ಸುತ್ತ ನೆಟ್ಟಿರುವ ಎಲೆಯಾಕಾರದ ಗಡಿಕಲ್ಲುಗಳು ಖಮೇರರಿಗಿಂತ ಹಿಂದಿನ, ದ್ವಾರಾವತಿ ಅನ್ನುವ ಹಳೇ ಬೌದ್ಧ ರಾಜ್ಯದ ಕಾಲದವು. ಆ ಬೆಟ್ಟದ ಬುಡದ ಚರೋನ್ ಸುಕ್ ಹಳ್ಳಿಯ ಹೆಂಗಸರು ಜ್ವಾಲಾಮುಖಿಯ ಕೆಂಪು ಮಣ್ಣಿನಲ್ಲೇ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಒದ್ದೆ ಮಾವಿನ ತೊಗಟೆಯಂಥ ಕಂದು. ಸ್ಮರಣಿಕೆ ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಹೋಗುವುದು ಹೇಗೆ? ಡಾನ್ ಮುವಾಂಗ್ ವಿಮಾನ ನಿಲ್ದಾಣದಿಂದ ಬುರಿರಾಮ್‌ಗೆ ಒಂದು ಗಂಟೆಯ ವಿಮಾನ ಉಂಟು. ವಿಮಾನ ನಿಲ್ದಾಣ ಮಾತ್ರ ಪಟ್ಟಣದಿಂದ ದೂರ, ಸತುಕ್‌ನಲ್ಲಿದೆ. ನಾನಾದರೆ ರೈಲು ಹಿಡಿಯುತ್ತೇನೆ. ಕಾರನ್ನು ಡ್ರೈವರ್ ಸಮೇತ ಎರಡು ದಿನಕ್ಕೆ ಗೊತ್ತು ಮಾಡಿಕೊಳ್ಳಿ. ಇಲ್ಲಿ ದುಡ್ಡು ಉಳಿಸಬೇಡಿ. ಹಳ್ಳಿ ಕಡೆಯ ಸೋಂಗ್‌ಥೇವ್ ಅಂದರೆ ನಮ್ಮ ಟೆಂಪೊ ಇದ್ದ ಹಾಗೆ, ಮಧ್ಯಾಹ್ನದ ಮೇಲೆ ಅದರ ಭರವಸೆ ಇಲ್ಲ. ಮೊದಲ ಸಲ ನಾನು ಅದನ್ನೇ ನಂಬಿ ಬೆಟ್ಟದ ಮೇಲೆ ಸಿಕ್ಕಿಹಾಕಿಕೊಂಡೆ. ಅರ್ಧ ದಾರಿ ಕಾಲ್ನಡಿಗೆ, ಉಳಿದರ್ಧ ಕಬ್ಬಿನ ಲಾರಿಯಲ್ಲಿ. ತಂಗಲು ನಾಂಗ್ ರೋಂಗ್ ಊರು ಗುಡಿಗಳಿಗೆ ಹತ್ತಿರ, ಕೊನೆಯ ರಾತ್ರಿ ಪಟ್ಟಣದಲ್ಲಿ ಉಳಿದರೆ ಹಕ್ಕಿ, ಖಾವ್ ಕ್ರದೋಂಗ್ ಮುಗಿಸಿ ರೈಲು ಹಿಡಿಯಬಹುದು.

ಒಂದು ಎಚ್ಚರಿಕೆ. ಈ ಪ್ರಾಂತ್ಯದ ದಕ್ಷಿಣದ ಅಂಚು ಕಾಂಬೋಡಿಯದ ಗಡಿ. 2025ರಲ್ಲಿ ಎರಡೂ ದೇಶದ ಸೇನೆಗಳು ಗಡಿಯಲ್ಲಿ ಹೊಡೆದಾಡಿದವು, ಬಾನ್ ಕ್ರುವಾತ್ ಕಡೆಯ ಹಳ್ಳಿಯವರು ಮನೆ ಬಿಟ್ಟು ಹೋಗಬೇಕಾಯಿತು. ಫನೋಮ್ ರುಂಗ್ ಗಡಿಯಿಂದ ಒಳಗಿದೆ. ಆದರೂ ಟಿಕೆಟ್ ಮಾಡುವ ಮುಂಚೆ ನಮ್ಮ ರಾಯಭಾರ ಕಚೇರಿಯ ಸೂಚನೆ ನೋಡಿ. ಬಾನ್ ಕ್ರುವಾತ್‌ನ ಹಳೇ ಕಲ್ಲುಗಣಿ ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ ಅದನ್ನು ಈ ಸಲ ಬಿಟ್ಟುಬಿಡಿ.

ಅಮ್ಮನ ಊಟ. ಈಸಾನ್ ಅಡುಗೆಯಲ್ಲಿ ಮೀನು ಎಲ್ಲಿ ಅಡಗಿರುತ್ತದೆ ಅಂತ ಹೇಳಲಾಗಲ್ಲ. ಪಪ್ಪಾಯಿ ಕೋಸಂಬರಿಗೂ ಕೊಳೆಸಿದ ಮೀನಿನ ಪ್ಲಾ ರಾ ಬೀಳುತ್ತದೆ. ಎರಡು ಮಾತು ಕಲಿತರೆ ಸಾಕು. ಒಂದು ‘ಮಾಂಗ್‌ಸವಿರಟ್’, ಅಂದರೆ ನಮ್ಮದೇ ಮಾಂಸವಿರತಿ. ಇದರಲ್ಲಿ ಮೊಟ್ಟೆ ಬರಬಹುದು. ಇನ್ನೊಂದು ‘ಜೇ’. ಇದು ಇನ್ನೂ ಕಟ್ಟುನಿಟ್ಟು, ಮೊಟ್ಟೆ ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಮ್ಮನಿಗೆ ಜೇ ಅಂಗಡಿಯೇ ಸರಿ. ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಇದ್ದರೆ ಅದೇ. ಹಳ್ಳಿಯಲ್ಲಿ ಅದೂ ಸಿಗದಿದ್ದರೆ ಅಂಟಕ್ಕಿ ಅನ್ನ, ಹಣ್ಣು ಮತ್ತು ನೀವು ಮನೆಯಿಂದ ತಂದ ಚಟ್ನಿಪುಡಿ. ಚಟ್ನಿಪುಡಿ ಖಂಡಿತ ತನ್ನಿ.

ಕೊನೆಗೆ ಪೂಜೆ. ಅಲ್ಲಿ ಅರ್ಚಕರಿಲ್ಲ, ಹಣ್ಣುಕಾಯಿ ಇಲ್ಲ, ಮಂಗಳಾರತಿ ಇಲ್ಲ. ಎರಡೂ ಗುಡಿ ಥಾಯ್ ಸರ್ಕಾರದ ಲಲಿತಕಲಾ ಇಲಾಖೆಯ ಕೈಯಲ್ಲಿವೆ. ತೆಂಗಿನಕಾಯಿ ಒಡೆಯಲು, ಕುಂಕುಮ ಹಚ್ಚಲು ಹೋಗಬೇಡಿ, ಕಲ್ಲು ಕಲೆಯಾಗುತ್ತದೆ. ಏಪ್ರಿಲ್‌ನಲ್ಲಿ ಊರವರೆಲ್ಲ ಬೆಟ್ಟ ಹತ್ತುವ ಜಾತ್ರೆ ಇದೆ, ಅದು ನಿಮಗೆ ಸಿಗಲ್ಲ. ಆದರೆ ಕೈ ಮುಗಿದರೆ ಯಾರೂ ಬೇಡ ಅನ್ನಲ್ಲ, ಥಾಯ್‌ಗಳೂ ಮುಗಿಯುತ್ತಾರೆ. ಅಮ್ಮ ನಂದಿಯ ಹಿಂದೆ ನಿಂತು ಒಳಗೆ ನೋಡಲಿ. ಊರಲ್ಲಿ ಮಾಡುವ ಹಾಗೇ ಕೊಂಬಿನ ಮಧ್ಯದಿಂದ ನೋಡಬೇಕು ಅಂದರೆ ಸ್ವಲ್ಪ ಬಗ್ಗಬೇಕಾಗುತ್ತದೆ, ಈ ನಂದಿ ಗಿಡ್ಡ.